ತುಮಕೂರಿಗೆ ಹೆಸರಿಗಿಂತ ಮೊದಲು ನೀರಿನ ಲೆಕ್ಕ

2025ರಲ್ಲಿ ರಾಮನಗರ ಜಿಲ್ಲೆಯು ‘ಬೆಂಗಳೂರು ದಕ್ಷಿಣ’ವೆಂದು ನಾಮಾಂತರಗೊಂಡ ಬೆನ್ನಲ್ಲೇ, ತುಮಕೂರನ್ನೂ ‘ಬೆಂಗಳೂರು ಉತ್ತರ’ ಎಂದು ಕರೆಯಬಾರದೇಕೆ ಎಂಬ ಮಾತು ಜಿಲ್ಲೆಯ ರಾಜಕೀಯ ವಲಯದಿಂದಲೇ ಕೇಳಿಬಂದಿತು. ಬಂಡವಾಳ ಹೂಡುವವರಿಗೆ ಬೆಂಗಳೂರಿನ ಹೆಸರು ಗೊತ್ತು, ತುಮಕೂರಿನ ಹೆಸರು ಗೊತ್ತಿಲ್ಲ ಎಂಬುದು ಇದರ ಹಿಂದಿನ ತರ್ಕ. ಇಂಗ್ಲಿಷರ ನಾಲಿಗೆಯಲ್ಲಿ ತಿರುಚಿಹೋಗಿದ್ದ ಹೆಸರು ಸರಿಹೋಗಿ ‘ತುಮಕೂರು’ ಎಂದು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಅದನ್ನೂ ಬಿಟ್ಟುಕೊಡಲು ಸಿದ್ಧರಾಗಿದ್ದೇವೆ.

ಅದೇ 2025ರ ಮೇ ತಿಂಗಳ ಕೊನೆಯ ದಿನ ಗುಬ್ಬಿ ತಾಲ್ಲೂಕಿನಲ್ಲಿ ಮತ್ತೊಂದು ಘಟನೆ ನಡೆಯಿತು. ಹೇಮಾವತಿ ನಾಲೆಯಿಂದ ಕುಣಿಗಲ್‌ಗೆ ನೇರವಾಗಿ ಕೊಳವೆಯಲ್ಲಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯನ್ನು ನಿಲ್ಲಿಸಲು ರೈತರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ನಿಷೇಧಾಜ್ಞೆ ಜಾರಿಯಲ್ಲಿತ್ತು. ಪಕ್ಷಭೇದ ಮರೆತ ಮುಖಂಡರಿದ್ದರು, ಮಠಾಧೀಶರಿದ್ದರು. ಹೆಸರಿನ ಚರ್ಚೆ ಬೆಂಗಳೂರಿನ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ನಾಲೆಯ ಜಗಳ ಜಿಲ್ಲಾ ಪುಟಗಳಲ್ಲಿ ಉಳಿಯಿತು. ನನ್ನ ದೃಷ್ಟಿಯಲ್ಲಿ ಇವು ಎರಡು ಸುದ್ದಿಗಳಲ್ಲ, ಒಂದೇ ಸುದ್ದಿಯ ಎರಡು ತುದಿಗಳು. ಕೈಗಾರಿಕಾ ನಗರವಾಗಿ ಬೆಳೆಯುತ್ತಿರುವ ತುಮಕೂರು ಯಾರ ನೆಲದ ಮೇಲೆ, ಯಾರ ನೀರಿನಿಂದ ಬೆಳೆಯುತ್ತಿದೆ ಎಂಬ ಪ್ರಶ್ನೆಯನ್ನು ಈ ಜಿಲ್ಲೆ ಇದುವರೆಗೆ ಬಹಿರಂಗವಾಗಿ ಕೇಳಿಕೊಂಡಿಲ್ಲ.

ತುಮಕೂರಿಗೆ ನದಿಯಿಲ್ಲ. ನಗರದ ಮಗ್ಗುಲಲ್ಲಿರುವ ದೇವರಾಯನದುರ್ಗದ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆಯಾದರೂ ಎರಡೂ ಊರಿಗೆ ಬೆನ್ನು ಮಾಡಿ ಹರಿಯುತ್ತವೆ. ಜಯಮಂಗಲಿಯು ಉತ್ತರಕ್ಕೆ ಸಾಗಿ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುತ್ತದೆ. ಶಿಂಷಾ ಗುಬ್ಬಿ ಸೀಮೆಯ ಕಡಬದ ಕೆರೆಯನ್ನು ತುಂಬಿ, ದಕ್ಷಿಣಕ್ಕಿಳಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನು ದಾಟಿ ಕಾವೇರಿಯ ಪಾಲಾಗುತ್ತದೆ. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನೆಚ್ಚುವಂತಹುದಲ್ಲ. ಇಂತಹ ದಿಬ್ಬದ ಮೇಲಿನ ಊರು ಬೆಳೆದದ್ದು ನೀರಿನ ಬಲದಿಂದಲ್ಲ, ದಾರಿಯ ಬಲದಿಂದ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹಾದಿ ಹಾಗೂ ಮಲೆನಾಡಿನಿಂದ ಇಳಿದು ಬರುವ ಹಾದಿ ಇಲ್ಲಿ ಕೂಡುತ್ತವೆ.

ಆದರೆ ಹಿಂದೆ ಈ ದಾರಿಯ ಲಾಭವನ್ನು ಪಡೆದದ್ದು ತುಮಕೂರಿಗಿಂತ ಹೆಚ್ಚಾಗಿ ಗುಬ್ಬಿ. ನಗರದ ಮಲೆನಾಡಿನ, ಅಂದರೆ ಇಂದಿನ ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತಮಿಳು ಸೀಮೆಯ ವಾಲಾಜಾಪೇಟೆಗೆ ಹೋಗುವ ಮಾರ್ಗದ ಸರಿಸುಮಾರು ನಡುವಿನಲ್ಲಿದ್ದ ಪೇಟೆ ಅದು. ಎತ್ತಿನ ಹೇರುಗಳು ಇಲ್ಲಿ ಇಳಿಯುತ್ತಿದ್ದವು, ಸರಕು ಕೈ ಬದಲಾಗುತ್ತಿತ್ತು, ಹಣ ಎಣಿಕೆಯಾಗುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟ ಫ್ರಾನ್ಸಿಸ್ ಬುಕನನ್ ಗುಬ್ಬಿಯ ಸಂತೆ ಮತ್ತು ಅಲ್ಲಿನ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬುಕನನ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞ. ಬರೆದದ್ದು ಮಾತ್ರ ಅಪ್ಪಟ ಕಂದಾಯ ಅಧಿಕಾರಿಯ ಹಾಗೆ. ಊರೂರಿನ ತೂಕ, ಅಳತೆ, ನಾಣ್ಯ, ಕೂಲಿ ಯಾವುದನ್ನೂ ಬಿಟ್ಟವನಲ್ಲ.

ತುಮಕೂರಿಗೆ ಆಡಳಿತ ಕೇಂದ್ರದ ಗೌರವ ಬಂದದ್ದು 1831ರ ನಂತರದ ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಸೈನ್ಯಾಧಿಕಾರಿ ದೀರ್ಘಕಾಲ ಈ ಭಾಗವನ್ನು ಆಳಿದ. ನೆಲಮಂಗಲ ದಾಟಿ ತುಮಕೂರಿಗೆ ಬರುವಾಗ ಸಿಗುವ ಡಾಬಸ್‌ಪೇಟೆ ಅವನ ಹೆಸರಿನದೇ. ಇಂದು ಅಲ್ಲಿ ಸಾಲುಸಾಲು ಕಾರ್ಖಾನೆಗಳಿವೆ. ಹೆಸರಿನ ಮೂಲ ಕೇಳಿದರೆ ಹೇಳುವವರು ವಿರಳ.

ಮುಂದಿನ ತಿರುವು ಬಂದದ್ದು ಬರದಿಂದ. 1876-78ರ ಮಹಾ ಕ್ಷಾಮ ಮೈಸೂರು ಸಂಸ್ಥಾನವನ್ನು ಎಷ್ಟು ಹಿಂಡಿತೆಂಬುದನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಧಾನ್ಯವಿದ್ದ ಕಡೆಯಿಂದ ಹಸಿವಿದ್ದ ಕಡೆಗೆ ಸಾಗಿಸುವ ಸಾಧನವಿಲ್ಲದೆ ಜನ ಸತ್ತರೆಂಬ ಅರಿವಿನಿಂದ ಸಂಸ್ಥಾನವು ರೈಲಿಗೆ ಕೈಹಾಕಿತು. 1884ರಲ್ಲಿ ಬೆಂಗಳೂರು-ತುಮಕೂರು ಮೀಟರ್‌ಗೇಜ್ ಮಾರ್ಗ ತೆರೆಯಿತು. ಐದಾರು ವರ್ಷಗಳಲ್ಲಿ ಗುಬ್ಬಿ, ತಿಪಟೂರು ದಾಟಿ ಹರಿಹರದ ಆಚೆಗೂ ಹಳಿ ಹೋಯಿತು. ರೈಲು ಗುಬ್ಬಿಗೆ ಒಳಿತನ್ನಷ್ಟೇ ಮಾಡಿತೆಂದು ನನಗನ್ನಿಸುವುದಿಲ್ಲ. ಎತ್ತು ದಣಿಯುವುದರಿಂದ ನಡುದಾರಿಯ ಪೇಟೆ ಬೇಕು. ಎಂಜಿನ್ನಿಗೆ ಅಂತಹ ಪೇಟೆ ಬೇಕಿಲ್ಲ. ಸರಕು ಇಳಿದೇ ಹೋಗಬೇಕಾದ ಊರು ಸರಕು ಹಾದುಹೋಗುವ ಊರಾಗುವುದು ಸಾರಿಗೆಯ ಚರಿತ್ರೆಯಲ್ಲಿ ಹೊಸತೇನಲ್ಲ.

ಅದೇ 1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ದಕ್ಷಿಣ ಭಾರತದ ಅತಿ ದೊಡ್ಡ ನಾಟಕ ಕಂಪನಿಗಳಲ್ಲಿ ಒಂದಾಗಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದು, ಊರೂರು ಸುತ್ತಿತು. ಅಡಿಕೆಯಲ್ಲಿ ಹೋದ ಹೆಸರನ್ನು ಗುಬ್ಬಿ ನಾಟಕದಲ್ಲಿ ಗಳಿಸಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನೊಂದು ಉದ್ಯಮವೆಂದೇ ನಾನು ಎಣಿಸುತ್ತೇನೆ. ಹೊರಗಿನ ಬಂಡವಾಳವಿಲ್ಲದೆ, ಸರ್ಕಾರದ ರಿಯಾಯಿತಿಯಿಲ್ಲದೆ, ಊರಿನವರೇ ಕೂಡಿ ಕಟ್ಟಿದ ಉದ್ಯಮ ಅದು.

ಆಧುನಿಕ ಕೈಗಾರಿಕೆ ತುಮಕೂರಿಗೆ ದೊಡ್ಡದಾಗಿ ಬಂದದ್ದು 1978ರಲ್ಲಿ, ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ರೂಪದಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ್ದ ಎಚ್‌ಎಂಟಿ ಬೇಡಿಕೆಯನ್ನು ಪೂರೈಸಲಾಗದೆ ಹೊಸ ಘಟಕಗಳನ್ನು ತೆರೆಯುತ್ತಿದ್ದ ಕಾಲವದು. ಎಚ್‌ಎಂಟಿ ಗಡಿಯಾರಕ್ಕಾಗಿ ಕಾಯುತ್ತಿದ್ದ ದಿನಗಳು ನನ್ನ ವಯಸ್ಸಿನವರಿಗೆ ನೆನಪಿವೆ. ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತನಾದ ಗುಮಾಸ್ತನಿಗೆ ಕೊಡುವ ಉಡುಗೊರೆಯೆಂದರೆ ಅದೇ. ತುಮಕೂರಿನ ಮಟ್ಟಿಗೆ ಎಚ್‌ಎಂಟಿ ಒಂದು ಕಾರ್ಖಾನೆಗಿಂತ ಹೆಚ್ಚಿನದಾಗಿತ್ತು. ತಿಂಗಳ ಮೊದಲ ವಾರದಲ್ಲಿ ಕೈಗೆ ಬರುವ ನಿಶ್ಚಿತ ಸಂಬಳ, ಭವಿಷ್ಯನಿಧಿ, ಕ್ಯಾಂಟೀನು, ವಸತಿ ಇವೆಲ್ಲ ಏನೆಂದು ರಾಗಿ-ತೆಂಗಿನ ಸೀಮೆಯ ಮನೆಗಳಿಗೆ ತೋರಿಸಿಕೊಟ್ಟದ್ದು ಅದು. ನಗರದ ಎಷ್ಟೋ ಬಡಾವಣೆಗಳ ಮನೆಗಳು ಆ ಸಂಬಳದಿಂದ ಎದ್ದವು.

ಆಮೇಲಿನ ಕಥೆ ಗೊತ್ತಿರುವುದೇ. ಜಗತ್ತು ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಸ್‌ಗೆ ಹೊರಳುತ್ತಿದ್ದಾಗ ಎಚ್‌ಎಂಟಿ ಮನಸ್ಸಿಲ್ಲದ ಮನಸ್ಸಿನಿಂದ ಹೆಜ್ಜೆ ಹಾಕಿತು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಹಭಾಗಿತ್ವದಲ್ಲಿ ಹೊಸೂರಿನಲ್ಲಿ ಹುಟ್ಟಿದ ಟೈಟನ್ 1987ರಿಂದ ಮಾರುಕಟ್ಟೆಗಿಳಿದು, ಗಡಿಯಾರ ಎಂಬುದು ಸಮಯ ನೋಡುವ ಯಂತ್ರ ಮಾತ್ರವಲ್ಲ, ಆಭರಣವೂ ಹೌದೆಂದು ಗ್ರಾಹಕನಿಗೆ ಮನವರಿಕೆ ಮಾಡಿತು. 1991ರ ಉದಾರೀಕರಣದ ನಂತರ ಪೈಪೋಟಿ ತೀವ್ರವಾಯಿತು. ನಷ್ಟ, ಸ್ವಯಂ ನಿವೃತ್ತಿ, ಬಾಕಿ ವೇತನ ಎಂದು ವರ್ಷಗಳು ಉರುಳಿ, 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ ಕೈಗೊಂಡಿತು. ತುಮಕೂರು ಘಟಕದ ಸುಮಾರು 120 ಎಕರೆ ಜಾಗ ನಂತರ ಇಸ್ರೊಗೆ ಹೋಯಿತು. ಗಡಿಯಾರದ ಜಾಗದಲ್ಲಿ ರಾಕೆಟ್ಟಿನ ಕೆಲಸವೆಂದರೆ ಕೇಳಲು ಹಿತವಾಗಿಯೇ ಇದೆ.

ಎಚ್‌ಎಂಟಿ ಮುಚ್ಚಿದ್ದಕ್ಕೆ ಮರುಗಿದವರು ಬಹಳ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ಮೂವತ್ತೆಂಟು ವರ್ಷ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವುದನ್ನು, ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪನ್ನು ಕೂರಿಸುವುದನ್ನು ಒಂದು ಊರಿನ ಕೈಗಳು ಕಲಿತವು. ಅಂತಹ ಕೌಶಲದ ಸುತ್ತ ಸ್ವಿಟ್ಜರ್ಲೆಂಡಿನ ಜುರಾ ಕಣಿವೆಯ ಹಳ್ಳಿಗಳಲ್ಲಿ ನೂರಾರು ಸಣ್ಣ ಕಾರ್ಯಾಗಾರಗಳು ಹುಟ್ಟಿದವು. ಗಡಿಯಾರಕ್ಕೆ ಸಂಕಟ ಬಂದಾಗ ಅವುಗಳಲ್ಲಿ ಕೆಲವು ವೈದ್ಯಕೀಯ ಉಪಕರಣಗಳ ಕಡೆಗೆ ತಿರುಗಿದವು. ನಮ್ಮಲ್ಲಿ ಕೌಶಲವು ಕಾರ್ಖಾನೆಯ ಗೋಡೆಯೊಳಗೇ ಉಳಿಯಿತು. ಬೇಕಾದ ಬಿಡಿಭಾಗಗಳನ್ನೆಲ್ಲ ತಾನೇ ತಯಾರಿಸಿಕೊಳ್ಳುವುದು ಅಂದಿನ ಸಾರ್ವಜನಿಕ ಉದ್ದಿಮೆಗಳ ಹೆಮ್ಮೆಯಾಗಿತ್ತು. ಆ ಹೆಮ್ಮೆಯಿಂದಾಗಿ ಗೋಡೆಯ ಹೊರಗೆ ಒಂದು ಗಡಿಯಾರ ಪೇಟೆ ಹುಟ್ಟಲೇ ಇಲ್ಲ. ಕಾರ್ಖಾನೆ ಹೋದಾಗ ಅದರ ಜೊತೆಗೇ ಕಲಿಕೆಯೂ ನಿವೃತ್ತಿಯಾಯಿತು.

ಖಾಸಗಿ ಕ್ಷೇತ್ರ ಸುಮ್ಮನಿರಲಿಲ್ಲ. ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ವಿಪ್ರೊದ ಸಾಬೂನು, ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಪ್ರಿಂಟರುಗಳಿಂದ ಹಿಡಿದು ಅಕ್ಕಿ ಗಿರಣಿ, ಎಣ್ಣೆ ಗಾಣಗಳವರೆಗೆ ಹಲವು ಘಟಕಗಳು ಬಂದವು. ಇವೆಲ್ಲಕ್ಕಿಂತ ದೀರ್ಘಕಾಲದ ಹೂಡಿಕೆಯೊಂದು ನಗರದ ಅಂಚಿನ ಸಿದ್ಧಗಂಗೆಯಲ್ಲಿ ನಡೆಯಿತು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬಡ ಹಳ್ಳಿಗಳ ಸಹಸ್ರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಕೊಟ್ಟರು. 1963ರಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆದರು. ಮಠದ ಜಾತ್ರೆಯಲ್ಲಿ ದನಗಳ ಪರಿಷೆಯ ಪಕ್ಕದಲ್ಲೇ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತದೆ. ನಮ್ಮ ಎಷ್ಟೋ ಕೈಗಾರಿಕಾ ನೀತಿಗಳಿಗೆ ಹೊಳೆಯದ ಸಂಬಂಧ ಆ ಬಯಲಿನಲ್ಲಿ ಕಾಣುತ್ತದೆ.

ಈಗ ಎಲ್ಲರ ಗಮನ ವಸಂತನರಸಾಪುರದ ಮೇಲಿದೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಸುಮಾರು 110 ಎಕರೆಯ ಇಂಡಿಯಾ ಫುಡ್ ಪಾರ್ಕನ್ನು ಉದ್ಘಾಟಿಸಿದರು. ರೈತನ ಹೊಲದಿಂದ ಅಂಗಡಿಯ ಕಪಾಟಿನವರೆಗೆ ಒಂದೇ ಸರಪಳಿ ಎಂಬುದು ಆಗಿನ ಘೋಷಣೆ. ಅದರ ಹಿಂದಿದ್ದ ಫ್ಯೂಚರ್ ಸಮೂಹ ಕೆಲವೇ ವರ್ಷಗಳಲ್ಲಿ ಸಾಲದ ಸುಳಿಗೆ ಸಿಲುಕಿತು. 2022ರಲ್ಲಿ ಸಮೂಹದ ಪ್ರಧಾನ ಚಿಲ್ಲರೆ ವ್ಯಾಪಾರ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇತ್ತ ಕೊಬ್ಬರಿಯ ಸ್ಥಿತಿ ನೋಡಿ. ತಿಪಟೂರಿನ ಉಂಡೆ ಕೊಬ್ಬರಿಯೆಂದರೆ ತೆಂಗಿನಕಾಯಿಯನ್ನು ಹತ್ತಾರು ತಿಂಗಳು ಅಟ್ಟದ ಮೇಲಿಟ್ಟು ಕಾಯುವ ಸರಕು. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿ ಏರಿತು. ಆದರೆ ಅಷ್ಟರಲ್ಲಿ ಬಹುತೇಕ ಅಟ್ಟಗಳು ಬರಿದಾಗಿದ್ದವು. ಬೆಲೆಯ ಈ ತೂಗುಯ್ಯಾಲೆಯನ್ನು ತಗ್ಗಿಸಬೇಕಾದದ್ದು ಸಂಸ್ಕರಣೆ ಮತ್ತು ಸಂಗ್ರಹ. ಆಹಾರ ಉದ್ಯಾನವೆಂಬುದು ಈ ಜಿಲ್ಲೆಯಲ್ಲಿ ಬೇಕಾದದ್ದೇ ಅದಕ್ಕೆ.

2023ರ ಫೆಬ್ರುವರಿ 6ರಂದು ಎರಡು ಸಮಾರಂಭಗಳು ಒಟ್ಟಿಗೆ ನಡೆದವು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು: ಮೂರು ಹಂತಗಳಲ್ಲಿ 8,484 ಎಕರೆ. ಅಂದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಯಾಯಿತು. ಎಚ್‌ಎಂಟಿಯ 120 ಎಕರೆ, ಎಚ್‌ಎಎಲ್‌ನ 615, ಟೌನ್‌ಶಿಪ್ಪಿನ 8,484. ಅರ್ಧ ಶತಮಾನದೊಳಗೆ ನೆಲದ ಹಸಿವು ಎಷ್ಟು ಬೆಳೆದಿದೆಯೆಂಬುದಕ್ಕೆ ಈ ಮೂರು ಅಂಕಿಗಳು ಸಾಕು.

ಸೇವೆಯಲ್ಲಿದ್ದಾಗ ಭೂಸ್ವಾಧೀನದ ಕಡತಗಳನ್ನು ಸಾಕಷ್ಟು ನೋಡಿದವನು ನಾನು. 1894ರ ಕಾಯ್ದೆಯಡಿ ಪರಿಹಾರವೆಂದರೆ ‘ಮಾರುಕಟ್ಟೆ ಬೆಲೆ’ ಮತ್ತು ಅದರ ಮೇಲೆ ಶೇ 30. ಮಾರುಕಟ್ಟೆ ಬೆಲೆಯನ್ನು ನಾವು ತಿಳಿಯುತ್ತಿದ್ದದ್ದು ನೋಂದಣಿಯಾದ ಕ್ರಯಪತ್ರಗಳಿಂದ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ಬರೆಯುವುದು ಎಲ್ಲೆಡೆಯ ವಾಡಿಕೆಯೆಂಬುದು ಬರೆಯುವವನಿಗೂ ಓದುವವನಿಗೂ ಗೊತ್ತಿತ್ತು. ಆದರೂ ಆ ಸುಳ್ಳನ್ನೇ ಸತ್ಯವೆಂದು ಹಿಡಿದು, ಜಮೀನನ್ನು ಎಂದೂ ಮಾರದ, ಮಾರಲು ಮನಸ್ಸೂ ಇಲ್ಲದ ರೈತನಿಗೆ ಪರಿಹಾರ ಗೊತ್ತುಮಾಡುತ್ತಿದ್ದೆವು. ಅಂತಹ ಆದೇಶಗಳಿಗೆ ನಾನೂ ಸಹಿ ಹಾಕಿದ್ದೇನೆ. ನಿಯಮದಂತೆ ಅವು ಸರಿಯಾಗಿದ್ದವು. ವಿಚಾರಣೆಯ ದಿನ ಒಬ್ಬ ಹಿರಿಯರು ಪಹಣಿ ಹಿಡಿದು ಬಂದು, ಕಾರ್ಖಾನೆ ಎದ್ದ ಮೇಲೆ ತನ್ನ ಮೊಮ್ಮಗ ಅದರೊಳಗೆ ಇರುತ್ತಾನೋ ಅಥವಾ ಗೇಟಿನಲ್ಲಿ ನಿಂತಿರುತ್ತಾನೋ ಎಂದು ವಿಚಾರಿಸಿದ್ದರು. ಒಳಗೇ ಇರುತ್ತಾನೆ ಎಂದೆ. ಹಾಗೆ ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

2014ರ ಜನವರಿಯಿಂದ ಜಾರಿಗೆ ಬಂದ ಹೊಸ ಕೇಂದ್ರ ಕಾನೂನು ಪರಿಹಾರವನ್ನು ಹೆಚ್ಚಿಸಿದೆ ನಿಜ. ಆದರೂ ಒಂದೇ ಬಾರಿಗೆ ಕೈಗೆ ಬರುವ ಹಣ ಮನೆ, ಮದುವೆ, ಕಾರಿನಲ್ಲಿ ಕರಗುವುದನ್ನು ಬೆಂಗಳೂರಿನ ಸುತ್ತಲ ಪ್ರತಿ ಹೋಬಳಿಯೂ ಕಂಡಿದೆ. ಇದಕ್ಕೊಂದು ಪರ್ಯಾಯ ಇದೇ ಜಿಲ್ಲೆಯಲ್ಲಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಪಾರ್ಕಿಗಾಗಿ ಸರ್ಕಾರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭ, ನಿಗದಿತ ಅವಧಿಗೆ ಏರಿಕೆ, ಒಡೆತನ ರೈತನದೇ. ಭೂರಹಿತ ಕೂಲಿಗಳಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಸೌರ ಫಲಕದ ಜಾಗದಂತೆ ಕಾರ್ಖಾನೆಯ ಜಾಗವನ್ನು ಮುಂದೊಮ್ಮೆ ಹೊಲವಾಗಿಸಿ ಹಿಂದಿರುಗಿಸಲಾಗದು ಎಂಬುದೂ ನಿಜ. ಹಾಗಿದ್ದರೂ 8,484 ಎಕರೆಯ ಟೌನ್‌ಶಿಪ್ಪಿನ ವಾಣಿಜ್ಯ ಭಾಗದಲ್ಲಾದರೂ ಭೂಮಾಲೀಕನಿಗೆ ವರ್ಷ ವರ್ಷ ಬಾಡಿಗೆ ಬರುವ ಏರ್ಪಾಟು ಅಸಾಧ್ಯವೇನಲ್ಲ. ಪಾವಗಡದ ಬರಡಿನಲ್ಲಿ ಸಾಧ್ಯವಾದದ್ದು ಹೆದ್ದಾರಿಯ ಅಂಚಿನಲ್ಲಿ ಏಕೆ ಆಗಬಾರದು?

ಎಚ್‌ಎಎಲ್ ಕಾರ್ಖಾನೆಯ ಬಗ್ಗೆ ನನಗೆ ಆಶಾಭಾವನೆಯಿದೆ. ಆರಂಭದಲ್ಲಿ ವರ್ಷಕ್ಕೆ 30 ಲಘು ಹೆಲಿಕಾಪ್ಟರ್, ಆಮೇಲೆ ಹಂತಹಂತವಾಗಿ 60 ಮತ್ತು 90. ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಲಕ್ಷ ಕೋಟಿ ರೂಪಾಯಿ ವಹಿವಾಟು ಎಂಬುದು ಯೋಜನೆ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ ಹೆಲಿಕಾಪ್ಟರುಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಅವು ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ತಯಾರಾಗಬೇಕು. ಕೀಲಿ ಕೊಡುವ ಗಡಿಯಾರಕ್ಕೆ ಇಲ್ಲದಿದ್ದ ನಿಶ್ಚಿತ ಗ್ರಾಹಕ ಹೆಲಿಕಾಪ್ಟರಿಗೆ ಇದ್ದಾನೆ. ಆದರೆ ಎಚ್‌ಎಂಟಿಯ ಗೋಡೆ ಇಲ್ಲಿಯೂ ಏಳಬಾರದು. ಒಂದು ಹೆಲಿಕಾಪ್ಟರಿಗೆ ಬೇಕಾದ ಸಾವಿರಾರು ಬಿಡಿಭಾಗಗಳಲ್ಲಿ ಗುಬ್ಬಿ, ನಿಟ್ಟೂರುಗಳ ಐಟಿಐ ಹುಡುಗರು ಶೆಡ್ಡಿನಲ್ಲಿ ಕುಳಿತು ತಯಾರಿಸಬಲ್ಲವು ಯಾವುವು ಎಂಬ ಪಟ್ಟಿ ಇಂದೇ ಸಿದ್ಧವಾಗಬೇಕು. ಇಲ್ಲವಾದರೆ ಬಿದರೆಹಳ್ಳ ಕಾವಲು ದನ ಮೇಯುವುದನ್ನು ನಿಲ್ಲಿಸಿತು, ಅಷ್ಟೇ ಎಂದಾದೀತು.

ಇಷ್ಟಾಗಿ ಮತ್ತೆ ನೀರಿಗೆ ಬರೋಣ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಅಲ್ಲಿಂದ ಬಾಗೂರು-ನವಿಲೆ ಸುರಂಗದ ಮೂಲಕ ಹಾಸನ ಜಿಲ್ಲೆಯ ನೀರು ತುಮಕೂರು ಜಿಲ್ಲೆಗೆ ಇಳಿಯುತ್ತದೆ. ನದಿಯಿಲ್ಲದ ಜಿಲ್ಲಾ ಕೇಂದ್ರ ಇಂದು ಬಾಯಾರಿಕೆ ತೀರಿಸಿಕೊಳ್ಳುವುದು ಬುಗುಡನಹಳ್ಳಿ ಕೆರೆಗೆ ಬರುವ ಈ ನೀರಿನಿಂದ. ಗುಬ್ಬಿಯ ಅಡಿಕೆ, ತೆಂಗು ನೆಚ್ಚಿರುವುದೂ ಈ ನಾಲೆಯನ್ನೇ. ಕುಣಿಗಲ್ ಇರುವುದು ನಾಲೆಯ ಬಾಲದಲ್ಲಿ. ನೂರಾರು ಕಿಲೋಮೀಟರ್ ಹರಿದು ಬರುವಷ್ಟರಲ್ಲಿ ನೀರು ಇಂಗುತ್ತದೆ, ಮೋಟಾರುಗಳಿಗೆ ಸಿಗುತ್ತದೆ, ಮೇಲಿನ ಕೆರೆಗಳಿಗೆ ತಿರುಗುತ್ತದೆ. ತನ್ನ ಪಾಲಿನ ನೀರು ಕಾಗದದಲ್ಲಿದೆ, ಕೆರೆಯಲ್ಲಿಲ್ಲ ಎಂಬುದು ಕುಣಿಗಲ್ ಜನರ ಹಳೆಯ ದೂರು.

ಕುಣಿಗಲ್‌ನವರ ಈ ದೂರನ್ನು ಹಗುರವಾಗಿ ಕಾಣುವಂತಿಲ್ಲ. ಊರಿನ ದೊಡ್ಡಕೆರೆ ಜನಪದ ಗೀತೆಯಾಗಿ ನಾಡಿನ ನಾಲಿಗೆಯಲ್ಲಿದೆ. ಹೈದರ್, ಟಿಪ್ಪು ಕಾಲದ ಅಶ್ವದಳಕ್ಕೆ ಕುದುರೆ ಬೆಳೆಸಿದ ಇಲ್ಲಿನ ಫಾರಂ ನಾಲ್ಕುನೂರಕ್ಕೂ ಹೆಚ್ಚು ಎಕರೆಯಲ್ಲಿದ್ದು, ರೇಸಿನ ಕುದುರೆಗಳಿಗೆ ಹೆಸರಾಗಿದೆ. ಅಲ್ಲೊಂದು ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಇತ್ತೀಚೆಗೆ ಎದ್ದು ವಿವಾದವಾಯಿತು. 1996ರ ಸುಮಾರಿಗೆ ಮಂಜೂರಾದ ಬೆಂಗಳೂರು-ಹಾಸನ ರೈಲು ಎರಡು ದಶಕ ಕಾಯಿಸಿ 2017ರಲ್ಲಿ ಕುಣಿಗಲ್ ಮೂಲಕ ಓಡಿತು. ಮಂಗಳೂರು ಹೆದ್ದಾರಿಯೂ ಇಲ್ಲಿಯೇ ಹಾದುಹೋಗುತ್ತದೆ. ರಸ್ತೆ, ರೈಲು, ಜಾಗ ಎಲ್ಲವೂ ಇದೆ, ಇಲ್ಲದಿರುವುದು ನೀರೊಂದೇ. ಆದ್ದರಿಂದ ನಾಲೆಯ ಸುಮಾರು 70ನೆಯ ಕಿಲೋಮೀಟರಿನಲ್ಲಿ, ಗುಬ್ಬಿ ತಾಲ್ಲೂಕಿನಿಂದಲೇ, ಸಾವಿರ ಕೋಟಿ ರೂಪಾಯಿ ಆಸುಪಾಸಿನ ವೆಚ್ಚದಲ್ಲಿ ಕೊಳವೆ ಹಾಕಿ ನೇರವಾಗಿ ನೀರೊಯ್ಯುವ ಯೋಜನೆ ಕುಣಿಗಲ್‌ನವರಿಗೆ ನ್ಯಾಯವಾಗಿ ಕಾಣುತ್ತದೆ. ಗುಬ್ಬಿಯವರಿಗೆ ಅದೇ ಕೊಳವೆ ತಮ್ಮ ನೀರಿಗೆ ಹಾಕಿದ ಕನ್ನದಂತೆ ಕಾಣುತ್ತದೆ. ಕುಣಿಗಲ್‌ಗೆ ಹೋದ ನೀರು ಅಲ್ಲಿಗೇ ನಿಲ್ಲದೆ ಮಾಗಡಿಯ ಕಡೆಗೂ ಹರಿದೀತು ಎಂಬ ಭಯವೂ ಸೇರಿಕೊಂಡಿದೆ.

ಈ ಜಗಳದಲ್ಲಿ ಎರಡೂ ಕಡೆಯವರದು ಸರಿಯಿದೆ ಎಂಬುದೇ ಕಷ್ಟ. ತೆರೆದ ನಾಲೆಯಲ್ಲಿ ಮೇಲಿನವನು ಬೇಕಾದಷ್ಟು ಎತ್ತಿಕೊಳ್ಳುತ್ತಾನೆ, ಕೆಳಗಿನವನು ಕಾಯುತ್ತಾನೆ. ಮುಚ್ಚಿದ ಕೊಳವೆಯಲ್ಲಿ ಕೆಳಗಿನವನಿಗೆ ಖಾತರಿ ಸಿಗುತ್ತದೆ, ಮೇಲಿನವನು ಪಕ್ಕದಲ್ಲೇ ಹರಿಯುವ ನೀರನ್ನು ಮುಟ್ಟಲಾರ. ಹಿಂದೆ ಕೆರೆ ಅಚ್ಚುಕಟ್ಟಿನಲ್ಲಿ ಈ ತಕರಾರನ್ನು ನೀರಗಂಟಿ ಸರದಿಯ ಮೂಲಕ ಪರಿಹರಿಸುತ್ತಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಇಡೀ ಊರಿಗೇ ಗೊತ್ತಿರುತ್ತಿತ್ತು. ಅವನಿಗೆ ಅಧಿಕಾರ ಬಂದದ್ದು ಲಾಠಿಯಿಂದಲ್ಲ, ಎಲ್ಲರಿಗೂ ತಿಳಿದ ಲೆಕ್ಕದಿಂದ. ಗುಬ್ಬಿಯೂ ಕುಣಿಗಲ್ಲೂ ಒಂದೇ ಶಿಂಷಾ ನದಿಯ ಮಕ್ಕಳು. ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆಗೆ, ನೀರು ಮಟ್ಟ ಮುಟ್ಟಿದೊಡನೆ ಯಾರೂ ಗೇಟು ಎತ್ತದೆ ತಾನಾಗಿ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. ಮನುಷ್ಯನ ಪಕ್ಷಪಾತಕ್ಕೆ ಎಡೆಯಿಲ್ಲದ ತಂತ್ರ.

ನಮ್ಮ ಇಂದಿನ ನಾಲೆಗೆ ಅಂತಹ ತಂತ್ರವೂ ಇಲ್ಲ, ಲೆಕ್ಕವೂ ಇಲ್ಲ. ರೈತ ರೈತನೊಂದಿಗೆ ಕಾದಾಡುತ್ತಿರುವಾಗ ಮೂರನೆಯ ಬಾಯಾರಿಕೆಯೊಂದು ಸದ್ದಿಲ್ಲದೆ ಬೆಳೆಯುತ್ತಿದೆ. 2011ರಲ್ಲಿ ಮೂರು ಲಕ್ಷ ಜನರಿದ್ದ ತುಮಕೂರು ನಗರ ನಂತರ ಬಹಳ ಹಿಗ್ಗಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಟೌನ್‌ಶಿಪ್ ತುಂಬಿದಾಗ ಅದರ ಕಾರ್ಖಾನೆಗಳಿಗೂ ಕಾರ್ಮಿಕರ ಮನೆಗಳಿಗೂ ನೀರು ಬೇಕು. ಬೆಂಗಳೂರಿನ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿದೆ. ಅಲ್ಲಿಂದ ತುಮಕೂರಿನವರೆಗೆ ಎಳೆಯುವ ಯೋಜನೆಯ ವರದಿಗೆ ಸಿದ್ಧತೆ ನಡೆದಿದೆ. ಮೆಟ್ರೊ ಬರುವ ಸುದ್ದಿಗೇ ಹೆದ್ದಾರಿಯುದ್ದಕ್ಕೂ ಬಡಾವಣೆಯ ಕಲ್ಲುಗಳು ನೆಟ್ಟಿವೆ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಅಗತ್ಯಕ್ಕೆಂದು 4.75 ಟಿಎಂಸಿ ಅಡಿ ನೀರನ್ನು ಹೆಚ್ಚುವರಿಯಾಗಿ ಕೊಟ್ಟಿತು. ‘ಬೆಂಗಳೂರು ಉತ್ತರ’ ಎಂಬ ಫಲಕ ಹಾಕಿಕೊಂಡರೆ ಅದರಲ್ಲಿ ನಮಗೊಂದು ಬಿಂದಿಗೆಯೂ ಬರುವುದಿಲ್ಲ. ಬೆಂಗಳೂರಿನ ಜನ ಮಾತ್ರ ಬರುತ್ತಾರೆ, ಬರಲಿ, ಅದಕ್ಕೆ ಆಕ್ಷೇಪಣೆಯಿಲ್ಲ. ಅವರು ಕುಡಿಯುವುದು ಹೇಮಾವತಿಯನ್ನೇ.

ಮಾಡಬಹುದಾದ ಕೆಲಸಗಳು ಅಪರೂಪದವೇನಲ್ಲ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆಯುತ್ತಿದೆ. ಶುದ್ಧೀಕರಣದ ಮಟ್ಟದ ಬಗ್ಗೆ ತಕರಾರುಗಳಿವೆ. ಕೆರೆಗೆ ಬಿಡುವ ನೀರಿನ ವಿಷಯದಲ್ಲಿ ಅವು ಸಕಾರಣವಾದವು. ಕಾರ್ಖಾನೆಗೆ ಬಿಡುವ ನೀರಿಗೆ ಅಷ್ಟು ಅಳುಕು ಬೇಕಿಲ್ಲ. ತುಮಕೂರು ನಗರದ ಕೊಳಚೆ ಸೇರುವ ಭೀಮಸಂದ್ರದಿಂದ, ಮೂರನೆಯ ಹಂತದ ಶುದ್ಧೀಕರಣ ಮಾಡಿ, ವಸಂತನರಸಾಪುರಕ್ಕೆ ಕೊಳವೆ ಎಳೆಯುವುದು ಹೊಸ ವಿಚಾರವೂ ಅಲ್ಲ. ಟೌನ್‌ಶಿಪ್ಪಿನ ಮುಂದಿನ ಹಂತಗಳ ನಿವೇಶನ ಹಂಚಿಕೆಗೆ ಇದನ್ನು ಪೂರ್ವಷರತ್ತಾಗಿ ಮಾಡಬೇಕು: ಬಳಸಿದ ನೀರಿನ ಕೊಳವೆ ಬರುವವರೆಗೆ ಹೊಸ ಕಾರ್ಖಾನೆಗೆ ಹೇಮಾವತಿಯ ನೀರಿಲ್ಲ. ಕೈಗಾರಿಕೋದ್ಯಮಿಗಳು ಗೊಣಗಿಯಾರು. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರಿಗೆ ಅವರು ಕೊಡುವ ಹಣಕ್ಕಿಂತ ಇದು ಅಗ್ಗವಾದೀತೆಂಬುದು ಅವರಿಗೂ ಗೊತ್ತಿದೆ.

ಲಿಂಕ್ ಕೆನಾಲ್ ಬಗ್ಗೆ ಸರ್ಕಾರ ಪೊಲೀಸ್ ಬಂದೋಬಸ್ತಿನಲ್ಲಿ ಗುಂಡಿ ತೋಡುವ ಬದಲು ಅಂಕಿಗಳನ್ನು ಹೊರಗಿಡಲಿ. ಗೊರೂರಿನಿಂದ ತುಮಕೂರು ನಾಲೆಗೆ ಹತ್ತು ವರ್ಷಗಳಲ್ಲಿ ವರ್ಷಕ್ಕೆಷ್ಟು ನೀರು ಬಂತು? ಅದರಲ್ಲಿ ಗುಬ್ಬಿಗೆ, ಬುಗುಡನಹಳ್ಳಿಗೆ, ಕುಣಿಗಲ್‌ಗೆ ತಲುಪಿದ್ದೆಷ್ಟು? ಕಾರ್ಖಾನೆಗಳಿಗೆ ಕೊಡಲು ಒಪ್ಪಿರುವುದೆಷ್ಟು? ನಾಲೆಯ ಪ್ರತಿ ತಾಲ್ಲೂಕಿನ ಗಡಿಯಲ್ಲಿ ಒಂದು ಅಳತೆ ಮಾಪಕ, ಅದರ ಅಂಕಿ ವಾರಕ್ಕೊಮ್ಮೆ ತಾಲ್ಲೂಕು ಕಚೇರಿಯ ಸೂಚನಾ ಫಲಕದ ಮೇಲೆ. ಸಾವಿರ ಕೋಟಿಯ ಯೋಜನೆಯಲ್ಲಿ ಇದಕ್ಕೆ ತಗಲುವ ವೆಚ್ಚ ಲೆಕ್ಕಕ್ಕೇ ಬಾರದು. ಮುಂಗಾರಿನಲ್ಲಿ ಗೊರೂರಿನ ತೂಬು ಎತ್ತುವ ಮೊದಲು ನೀರಾವರಿ ಸಲಹಾ ಸಮಿತಿ ಸಭೆ ಸೇರುವುದು ರೂಢಿ. ಆ ಸಭೆಯ ಮೇಜಿನ ಮೇಲೆ, ಗುಬ್ಬಿ ಮತ್ತು ಕುಣಿಗಲ್ ಎರಡೂ ತಾಲ್ಲೂಕುಗಳ ರೈತರ ಎದುರಿಗೆ, ಈ ಪಟ್ಟಿಯನ್ನು ಇಡಬೇಕು.